ಭರಣಿ ಮಳೆಗೆ ಮುಂಚೆ ಕಾರಿಗೆ ಟಯರ್: ಮೈಸೂರು–ಮಂಡ್ಯದ ರಸ್ತೆಗೆ ಯಾವುದು, ಆರಿಸುವುದು ಹೇಗೆ

ಚಳಿಗಾಲಕ್ಕೆಂದೇ ಬೇರೆ ಟಯರ್ ಬೇಕೇ ಎಂದು ಕೇಳುವವರಿಗೆ ಮೊದಲು ಉತ್ತರ ಹೇಳಿಬಿಡೋಣ: ನಮ್ಮ ಕಡೆಗೆ ಬೇಡ. ವಿಂಟರ್ ಟಯರ್ ಹಿಮ ಬೀಳುವ ನಾಡಿನ ಸಾಮಾನು. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾಮೂಲಿ ಟಯರಿನ ರಬ್ಬರ್ ಬಿರುಸಾಗಿ ರಸ್ತೆ ಹಿಡಿಯುವುದನ್ನು ಬಿಡುತ್ತದೆ. ವಿಂಟರ್ ಟಯರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುವ ಹಾಗೆ ಹದ ಮಾಡಿರುತ್ತಾರೆ. ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 2012ರ ಜನವರಿಯ 7.7 ಡಿಗ್ರಿ. ಆ ಮೆತ್ತನೆಯ ರಬ್ಬರನ್ನು ಏಪ್ರಿಲ್ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಓಡಿಸಿದರೆ ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವ ದೂರವೂ ಹೆಚ್ಚುತ್ತದೆ.

ಇಲ್ಲಿ ಟಯರಿಗೆ ನಿಜವಾದ ಪರೀಕ್ಷೆ ಮಳೆಯದು. ಮಡಿಕೇರಿಯಂತೆ ತಿಂಗಳುಗಟ್ಟಲೆ ಹಿಡಿದು ಸುರಿಯುವ ಮಳೆ ನಮ್ಮದಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ ಎಂದು ಏಪ್ರಿಲ್–ಮೇಯಲ್ಲಿ ಒಂದು ಸುತ್ತು, ದಸರಾ ಆಸುಪಾಸಿನ ಹಸ್ತ, ಚಿತ್ತಾ ಮಳೆಗಳಲ್ಲಿ ಇನ್ನೊಂದು ಸುತ್ತು. ಮಧ್ಯಾಹ್ನದವರೆಗೆ ಸುಡುಬಿಸಿಲು, ಸಂಜೆ ಒಂದೇ ಗಂಟೆಯಲ್ಲಿ ರಸ್ತೆಯೆಲ್ಲ ನೀರು. ಟಯರಿಗೆ ಇದಕ್ಕಿಂತ ಕೆಟ್ಟ ಸಂದರ್ಭವಿಲ್ಲ. ಒಣಗಿದ ರಸ್ತೆಯಲ್ಲಿ ವಾರಗಟ್ಟಲೆ ಕೂತ ಧೂಳು, ಲಾರಿಗಳಿಂದ ಸೋರಿದ ಆಯಿಲ್, ಸವೆದ ರಬ್ಬರಿನ ಪುಡಿ ಎಲ್ಲ ಮೊದಲ ಹನಿಗಳೊಂದಿಗೆ ಬೆರೆತು ಲೋಳೆಯಾಗುತ್ತದೆ. ಜೋರಾಗಿ ಮಳೆ ಬಿದ್ದು ತೊಳೆದುಹೋಗುವ ತನಕ, ಅಂದರೆ ಮೊದಲ ಅರ್ಧ ಗಂಟೆ, ಒಳ್ಳೆಯ ಟಯರೂ ಜಾರುತ್ತದೆ. ಸವೆದ ಟಯರಿನ ಮಾತು ಬೇಡವೇ ಬೇಡ.

ಆದ್ದರಿಂದ ಟಯರ್ ಬದಲಿಸುವ ಲೆಕ್ಕಾಚಾರ ಯುಗಾದಿ ಹೊತ್ತಿಗೆ ಶುರುವಾಗಲಿ. "ಈ ಬೇಸಿಗೆ ಕಳೆಯಲಿ, ಮಳೆಗಾಲಕ್ಕೆ ನೋಡೋಣ" ಎನ್ನುವವರಿಗೆ ಭರಣಿ ಮಳೆ ಕಾಯುವುದಿಲ್ಲ, ಅದು ಏಪ್ರಿಲ್ ಕೊನೆಗೇ ಬಂದಿರುತ್ತದೆ.

ಈಗ ಇರುವ ಟಯರನ್ನು ಮೊದಲು ಅಳೆಯಿರಿ

ಟಯರಿನ ಮೇಲೆ ಸುತ್ತಲೂ ಓಡುವ ಆಳವಾದ ಗೀರುಗಳು ನಮ್ಮ ನಾಲೆಗಳಿದ್ದಂತೆ. ಉದ್ದಕ್ಕೆ ಹೋಗುವ ಮೂರೋ ನಾಲ್ಕೋ ದೊಡ್ಡ ಗೀರು ಮುಖ್ಯ ನಾಲೆ. ಅಡ್ಡ ಒಡೆದು ಅಂಚಿಗೆ ಹೋಗುವ ಸಣ್ಣ ಗೀರುಗಳು ತೂಬಿನಿಂದ ಹೊರಟ ಕಿರುಗಾಲುವೆ. ಟಯರಿನಡಿ ಸಿಕ್ಕಿದ ನೀರನ್ನು ಹಿಂದಕ್ಕೂ ಪಕ್ಕಕ್ಕೂ ಸಾಗಿಸುವುದು ಇವುಗಳ ಕೆಲಸ. ಎಷ್ಟು ನೀರು? 185 ಮಿ.ಮೀ. ಅಗಲದ ಟಯರ್ 3 ಮಿ.ಮೀ. ನೀರು ನಿಂತ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಅದರ ದಾರಿಗೆ ಸೆಕೆಂಡಿಗೆ ಸುಮಾರು 12 ಲೀಟರ್ ನೀರು ಸಿಗುತ್ತದೆ. ಸೆಕೆಂಡಿಗೆ ಒಂದು ಕೊಡ, ಅದೂ ಒಂದೇ ಚಕ್ರಕ್ಕೆ. ನಾಲೆ ಹೂಳು ತುಂಬಿದರೆ ನೀರು ಏರಿ ಮೇಲೆ ಹರಿಯುವ ಹಾಗೆ, ಗೀರಿನ ಆಳ ಕಡಿಮೆಯಾದರೆ ಆ ನೀರು ಟಯರಿನಡಿಯೇ ಉಳಿದು ಗಾಡಿಯನ್ನು ಎತ್ತುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತು ಎನ್ನಿಸಿದರೆ ಅದೇ ಸೂಚನೆ: ಚಕ್ರ ರಸ್ತೆಯ ಮೇಲಿಲ್ಲ, ನೀರಿನ ಮೇಲಿದೆ.

ಹೊಸ ಟಯರಿನಲ್ಲಿ ಗೀರಿನ ಆಳ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಕಾರಿಗೆ ಕನಿಷ್ಠ 1.6 ಮಿ.ಮೀ. ಇರಬೇಕು. ದೊಡ್ಡ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡವಾಗಿ ಸಣ್ಣ ದಿಬ್ಬ ಇರುತ್ತದೆ. ಅದು ಇರುವ ಜಾಗವನ್ನು ಟಯರಿನ ಅಂಚಿನಲ್ಲಿ ಪುಟ್ಟ ತ್ರಿಕೋನವೋ ಟಿಡಬ್ಲ್ಯುಐ (ಸವೆತದ ಸೂಚಕ) ಎಂಬ ಅಕ್ಷರವೋ ತೋರಿಸುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಬ್ಬಕ್ಕೆ ಸಮವಾದರೆ 1.6 ತಲುಪಿದಿರಿ ಎಂದರ್ಥ. ಆದರೆ ಅದು ಕಾನೂನಿನ ಕೊನೆ ಗೆರೆ. ನೀರಿನಲ್ಲಿ ಹಿಡಿತ ಕಡಿಮೆಯಾಗುವುದು ಅದಕ್ಕೂ ಬಹಳ ಮುಂಚೆ. ನಮ್ಮ ಸಲಹೆ ಖಚಿತ: ಏಪ್ರಿಲ್ ಮೊದಲ ವಾರ ಅಳೆದಾಗ ಯಾವ ಚಕ್ರದಲ್ಲಾದರೂ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಆ ಟಯರನ್ನು ಮಳೆಗೆ ಒಡ್ಡಬೇಡಿ.

ಅಳೆಯಲು ಟ್ರೆಡ್ ಗೇಜ್ ಎಂಬ ಪುಟ್ಟ ಸಾಧನ ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಒಂದು ಟಯರಿನಲ್ಲಿ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ, ಸುತ್ತಳತೆಯ ಮೂರು ಬೇರೆ ಬೇರೆ ಜಾಗದಲ್ಲಿ ಅಳೆಯಿರಿ. ಒಳ ಅಂಚನ್ನು ಬಿಡಬೇಡಿ. ಹೊರಗಿನಿಂದ ನೋಡಿದರೆ ಚೆನ್ನಾಗಿದೆ ಎನ್ನಿಸುವ ಟಯರು ಒಳಗಡೆ ಬೋಳಾಗಿ ತಂತಿ ಕಾಣುವ ಸ್ಥಿತಿಯಲ್ಲಿರುತ್ತದೆ. ಮುಂದಿನ ಚಕ್ರವನ್ನು ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಬಹುದು. ಹಿಂದಿನದಕ್ಕೆ ಬಗ್ಗಿ ಕೈಯಾಡಿಸಲೇಬೇಕು.

ಸವೆದ ರೀತಿಯೂ ಮಾತಾಡುತ್ತದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು. ಒಂದೇ ಅಂಚು ಸವೆದಿದ್ದರೆ, ಅಥವಾ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು. ಕಾರಣ ಸರಿಮಾಡದೆ ಹೊಸ ಟಯರ್ ಹಾಕಿಸಿದರೆ ಅದೂ ಹಾಗೆಯೇ ಹೋಗುತ್ತದೆ, ಸಾವಿರಾರು ರೂಪಾಯಿ ದಂಡ.

ಟಯರಿನ ಮೈಮೇಲೆ ಬರೆದಿರುವುದು

185/65 ಆರ್15 88ಎಚ್. ಸ್ವಿಫ್ಟ್, ಡಿಜೈರ್‌ಗಳ ಮೇಲಿನ ಮಾದರಿಗಳಲ್ಲಿ, ಎರ್ಟಿಗಾದಲ್ಲಿ, ಇನ್ನೂ ಹಲವು ಕಾರುಗಳಲ್ಲಿ ಈ ಅಳತೆ ಇದೆ. 185 ಎಂದರೆ ಮಿ.ಮೀ. ಲೆಕ್ಕದಲ್ಲಿ ಅಗಲ. 65 ಎಂದರೆ ಆ ಅಗಲದ ಶೇ. 65ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ ಸುಮಾರು 120 ಮಿ.ಮೀ. ಆರ್ ಎಂದರೆ ರೇಡಿಯಲ್ (ಟಯರಿನ ಒಳಗಿನ ನೂಲು ಹೆಣೆದ ರೀತಿ), 15 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. 88 ಎಂಬುದು ಭಾರದ ಸಂಕೇತ: ಆ ಒಂದು ಟಯರ್ 560 ಕೆ.ಜಿ. ಹೊರುತ್ತದೆ. 82 ಆದರೆ 475 ಕೆ.ಜಿ., 91 ಆದರೆ 615. ಕೊನೆಯ ಎಚ್ ವೇಗದ ಸಂಕೇತ, ಗಂಟೆಗೆ 210 ಕಿ.ಮೀ.; ಟಿ ಆದರೆ 190.

ಆ ವೇಗದಲ್ಲಿ ಓಡಿಸುವವರು ಯಾರಿದ್ದಾರೆ ಎಂದು ಕೊನೆಯ ಅಕ್ಷರವನ್ನು ಕಡೆಗಣಿಸಬೇಡಿ. ಹೆಚ್ಚು ವೇಗದ ಸಂಕೇತವಿರುವ ಟಯರ್ ಬಿಸಿಯನ್ನೂ ಹೆಚ್ಚು ತಡೆಯುತ್ತದೆ, ಎಕ್ಸ್‌ಪ್ರೆಸ್‌ವೇಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಭಾರದ ಅಂಕಿಯಂತೂ ಕಂಪನಿ ಕೊಟ್ಟಿದ್ದಕ್ಕಿಂತ ಒಂದು ಅಂಕಿಯೂ ಇಳಿಯಕೂಡದು. ಏಳು ಜನ ಕೂತು, ಮೇಲೆ ಲಗೇಜು ಕಟ್ಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಎರ್ಟಿಗಾ, ಇನ್ನೋವಾಗಳಲ್ಲಿ ಈ ಅಂಕಿಯೇ ಗಾಡಿ ಹೊರುವುದು. ನಿಮ್ಮ ಗಾಡಿಯ ಸರಿಯಾದ ಅಳತೆ, ಗಾಳಿಯ ಒತ್ತಡ ಎರಡೂ ಡ್ರೈವರ್ ಬಾಗಿಲು ತೆರೆದರೆ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಇರುತ್ತವೆ.

ಅಗಲದ ಟಯರಿನ ಆಸೆ

ಗಾಡಿ ಚೆನ್ನಾಗಿ ಕಾಣಲಿ ಎಂದು ಅಗಲದ ಟಯರ್ ಹಾಕಿಸುವವರು ಬಹಳ. ಮಳೆಯ ದೃಷ್ಟಿಯಿಂದ ಇದು ಹಿನ್ನಡೆ. ಗಾಡಿಯ ತೂಕ ಅಷ್ಟೇ ಇರುತ್ತದೆ, ಅದು ಹೆಚ್ಚು ಅಗಲಕ್ಕೆ ಹಂಚಿಹೋಗುತ್ತದೆ, ತಳ್ಳಬೇಕಾದ ನೀರೂ ಹೆಚ್ಚಾಗುತ್ತದೆ. ಅಗಲದ ಟಯರ್ ಒಣ ರಸ್ತೆಯ ತಿರುವಿನಲ್ಲಿ ಗಟ್ಟಿ ನಿಲ್ಲುತ್ತದೆ, ನಿಜ; ನೀರಿನಲ್ಲಿ ಬೇಗ ತೇಲುತ್ತದೆ.

ಅಳತೆ ಬದಲಿಸಲೇಬೇಕೆಂದಿದ್ದರೆ ಪೂರ್ತಿ ಚಕ್ರದ ವ್ಯಾಸ ಲೆಕ್ಕ ಹಾಕಿ. ಸ್ವಿಫ್ಟ್‌ನ ಕೆಳಗಿನ ಮಾದರಿಗೆ ಬರುವ 165/80 ಆರ್14 ತೆಗೆದುಕೊಳ್ಳಿ. ರಿಮ್ಮು 14 ಇಂಚು, ಅಂದರೆ 355.6 ಮಿ.ಮೀ.; ಪಕ್ಕದ ಗೋಡೆ 132 ಮಿ.ಮೀ., ಮೇಲೆ ಕೆಳಗೆ ಸೇರಿ 264. ಒಟ್ಟು 619.6. ಮೇಲಿನ ಮಾದರಿಯ 185/65 ಆರ್15 ಲೆಕ್ಕ ಹಾಕಿದರೆ 621.5. ವ್ಯತ್ಯಾಸ 2 ಮಿ.ಮೀ. ಮಾತ್ರ, ಕಂಪನಿಯೇ ಎರಡನ್ನೂ ಕೊಡುವುದು ಅದಕ್ಕೇ. ಅದೇ 14 ಇಂಚಿನ ರಿಮ್ಮಿಗೆ ಅಂಗಡಿಯಲ್ಲಿ ಇದೆಯೆಂದು 175/65 ಹಾಕಿಸಿದರೆ ವ್ಯಾಸ 583ಕ್ಕೆ ಇಳಿಯುತ್ತದೆ, ಹೆಚ್ಚುಕಮ್ಮಿ ಶೇ. 6 ಕಡಿಮೆ. ಗಾಡಿ 18 ಮಿ.ಮೀ. ಕೆಳಗೆ ಕೂರುತ್ತದೆ, ಹಳ್ಳಿಯ ಹಂಪುಗಳಿಗೆ ತಳ ಬಡಿಯುತ್ತದೆ, ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ 94ರ ಆಸುಪಾಸು ಓಡುತ್ತಿರುತ್ತದೆ. ಮೂಲ ವ್ಯಾಸಕ್ಕಿಂತ ಶೇ. 2ಕ್ಕೂ ಹೆಚ್ಚು ಆಚೀಚೆ ಹೋಗದಿರುವುದು ಒಳ್ಳೆಯದು.

ರಿಮ್ಮು ದೊಡ್ಡದು ಮಾಡಿ ಗೋಡೆ ಚಿಕ್ಕದು ಮಾಡಿದರೆ ಇನ್ನೊಂದು ತೊಂದರೆ. ಮಳೆನೀರು ತುಂಬಿದ ಗುಂಡಿ ಎಷ್ಟು ಆಳವೆಂದು ಕಾಣುವುದಿಲ್ಲ. ಚಿಕ್ಕ ಗೋಡೆಯ ಟಯರ್ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಒಂದೆರಡು ದಿನದಲ್ಲಿ ಪಕ್ಕದಲ್ಲಿ ಗೆಡ್ಡೆಯಂತೆ ಊದಿಕೊಳ್ಳುತ್ತದೆ. ಆ ಊತಕ್ಕೆ ರಿಪೇರಿ ಇಲ್ಲ, ಯಾರು ಮಾಡಿಕೊಡುತ್ತೇನೆಂದರೂ ಒಪ್ಪಬೇಡಿ. ಗುಂಡಿ ರಸ್ತೆಯಲ್ಲೇ ದಿನ ಓಡಾಡುವವರಿಗೆ 65ರಿಂದ 80ರ ಗೋಡೆಯೇ ಸುಖ.

ಯಾವ ಜಾತಿಯ ಟಯರ್

ಟಯರ್ ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಸಾವಿರ ಕಿಲೋಮೀಟರ್ ಬರುತ್ತೆ?" ಎಂಬುದು. ಅಂಗಡಿಯವರೂ ಅದಕ್ಕೆ ತಕ್ಕ ಟಯರನ್ನೇ ಮುಂದಿಡುತ್ತಾರೆ. ಸವೆಯದ ಟಯರ್ ಎಂದರೆ ಗಟ್ಟಿ ರಬ್ಬರ್. ಗಟ್ಟಿ ರಬ್ಬರ್ ಒದ್ದೆ ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಅಷ್ಟಾಗಿ ಕಚ್ಚುವುದಿಲ್ಲ. ಸಿಲಿಕಾ ಬೆರೆಸಿದ ಈಗಿನ ರಬ್ಬರುಗಳು ಈ ಅಂತರವನ್ನು ಕಡಿಮೆ ಮಾಡಿವೆ, ಇಲ್ಲವಾಗಿಸಿಲ್ಲ. ಬಾಡಿಗೆಗೆ ವರ್ಷಕ್ಕೆ 50 ಸಾವಿರ ಕಿ.ಮೀ. ಓಡಿಸುವವರು ಬಾಳಿಕೆ ನೋಡಲಿ. ಮನೆಯ ಕಾರು ವರ್ಷಕ್ಕೆ ಹತ್ತು ಸಾವಿರ ಓಡಿದರೆ ಹೆಚ್ಚು. ಅಂಥ ಗಾಡಿಯಲ್ಲಿ ಟಯರ್ ಸವೆಯುವ ಮುಂಚೆ ಹಳತಾಗಿ ಬಿರುಕು ಬಿಡುತ್ತದೆ. 80 ಸಾವಿರ ಕಿ.ಮೀ. ಬಾಳುವ ಟಯರ್ ಕೊಂಡು ಇವರಿಗೆ ಲಾಭವೇನೂ ಇಲ್ಲ, ನಷ್ಟ ಮಾತ್ರ ಪ್ರತಿ ಮಳೆಗೂ ಇದೆ.

ಹೆಸರಿನಲ್ಲೇ ಸುಳಿವು ಸಿಗುತ್ತದೆ. ಸಿಯಟ್‌ನ ಮೈಲೇಜ್ ಎಕ್ಸ್3, ಅಪೊಲೊದ ಅಮೇಜರ್ 4ಜಿ ಲೈಫ್ ಬಾಳಿಕೆಯನ್ನು ಮುಂದಿಟ್ಟು ಮಾಡಿದವು. ಅದೇ ಕಂಪನಿಗಳ ಸೆಕ್ಯುರಾಡ್ರೈವ್, ಅಲ್ನ್ಯಾಕ್ 4ಜಿ ಹಿಡಿತ, ತಿರುವುಗಳ ಕಡೆ ವಾಲಿದವು. ಗುಡ್‌ಇಯರ್‌ನ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ ಒದ್ದೆ ರಸ್ತೆಯ ಬ್ರೇಕಿಂಗಿಗೆಂದೇ ಹೆಸರು ಮಾಡಿದ್ದು. ಜೆ.ಕೆ. ಟಯರಂತೂ ಮೈಸೂರಿನದೇ ಕಾರ್ಖಾನೆ. ಹಳಬರು ಇಂದಿಗೂ ವಿಕ್ರಾಂತ್ ಎಂದೇ ಕರೆಯುವ ಆ ಕಂಪನಿ 1997ರಲ್ಲಿ ಜೆ.ಕೆ. ಕೈಸೇರಿತು. ಊರಿನ ಅಭಿಮಾನ ಇರಲಿ, ಆದರೆ ಯಾವ ಕಂಪನಿಯಲ್ಲೂ ಎಲ್ಲ ಮಾದರಿಯೂ ಮಳೆಗೆ ಒಂದೇ ಸಮ ಇರುವುದಿಲ್ಲ. ಬ್ರ್ಯಾಂಡು ಗಟ್ಟಿಮಾಡುವ ಮುಂಚೆ ಮಾದರಿಯ ಹೆಸರು ಕೇಳಿ.

ಕೆಲವು ಟಯರುಗಳ ಗೋಡೆಯ ಮೇಲೆ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಎಂದು ಮೂರು ಅಂಕ ಬರೆದಿರುತ್ತಾರೆ. ಟ್ರ್ಯಾಕ್ಷನ್ ಎಂಬುದು ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಿಡಿದಾಗಿನ ಹಿಡಿತ. ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಎ ಅಥವಾ ಎಎ ಇರುವುದನ್ನೇ ಆರಿಸಿ. ಬಿಸಿ ತಡೆಯುವ ಶಕ್ತಿ ತೋರಿಸುವ ಟೆಂಪರೇಚರ್ ಕೂಡ ಎ ಇರಲಿ. ಬಾಳಿಕೆ ತೋರಿಸುವ ಟ್ರೆಡ್‌ವೇರ್ ಅಂಕಿಯನ್ನು ಒಂದೇ ಕಂಪನಿಯ ಎರಡು ಟಯರುಗಳ ನಡುವೆ ಹೋಲಿಸಿದರೆ ಮಾತ್ರ ಅರ್ಥವಿದೆ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ನಿಯಮದಂತೆ ಕಾರಿನ ಟಯರುಗಳಿಗೆ ಒದ್ದೆ ಹಿಡಿತಕ್ಕೂ ಕನಿಷ್ಠ ಮಟ್ಟ ನಿಗದಿಯಾಗಿದೆ. ಅದು ಪಾಸ್ ಮಾರ್ಕು; ಅಲ್ಲಿಂದ ಮೇಲೆ ಟಯರಿನಿಂದ ಟಯರಿಗೆ ಬಹಳ ಅಂತರ ಇದೆ.

ಗೀರಿನ ವಿನ್ಯಾಸ ನೋಡುವುದಾದರೆ ಉದ್ದಕ್ಕೆ ಕನಿಷ್ಠ ಮೂರು ಅಗಲವಾದ ಗೀರು ಇರಲಿ, ಅವುಗಳಿಂದ ಅಂಚಿನವರೆಗೆ ತೆರೆದ ದಾರಿ ಇರಲಿ. ದಪ್ಪ ದಪ್ಪ ಗಟ್ಟೆಗಳ ಆಲ್ ಟೆರೇನ್ ಟಯರ್ ಗದ್ದೆ ಬದಿಯ ಮಣ್ಣು ದಾರಿಗೆ ಚೆನ್ನ. ಒದ್ದೆ ಡಾಂಬರಿನ ಮೇಲೆ ರಸ್ತೆಗೆ ತಾಗುವ ರಬ್ಬರೇ ಕಡಿಮೆ, ಬ್ರೇಕ್ ದೂರ ಹೆಚ್ಚು. ತೋಟದ ಮನೆಗೆ ದಿನವೂ ಕೆಸರಿನಲ್ಲಿ ಹೋಗುವವರನ್ನು ಬಿಟ್ಟರೆ ಬೇರೆಯವರಿಗೆ ಅದರ ಅಗತ್ಯ ಕಾಣದು.

ಅಂಗಡಿಯಲ್ಲಿ

ದರ ಚೌಕಾಸಿಗೆ ಮುಂಚೆ ತಯಾರಾದ ತಾರೀಖು ನೋಡಿ. ಟಯರಿನ ಗೋಡೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ, ಅಂದರೆ ಜೂನ್ ಮೊದಲ ಭಾಗ. ಈ ಅಂಕಿ ಒಂದೇ ಪಕ್ಕದಲ್ಲಿ ಇರುತ್ತದೆ, ಹೊರಗೆ ಕಾಣದಿದ್ದರೆ ಟಯರ್ ತಿರುಗಿಸಿ ತೋರಿಸಲು ಹೇಳಿ. ಆರು ತಿಂಗಳೊಳಗಿನದು ಸಿಕ್ಕರೆ ಉತ್ತಮ, ಒಂದು ವರ್ಷ ದಾಟಿದ್ದನ್ನು ಹೊಸದರ ಬೆಲೆಗೆ ಕೊಳ್ಳಬೇಡಿ. ನಾಲ್ಕೂ ಟಯರಿನ ಅಂಕಿ ಬೇರೆ ಬೇರೆ ನೋಡಿ. ಮೂರು ಹೊಸದು, ಒಂದು ಹಳೆಯದು ಸೇರಿಕೊಂಡು ಬರುವುದುಂಟು. ಐಎಸ್‌ಐ ಮುದ್ರೆ ಇರಲೇಬೇಕು.

ಬಿಲ್ಲಿನಲ್ಲಿ ಟಯರಿನ ಮಾದರಿ, ಅಳತೆ, ಪ್ರತಿ ಟಯರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಕೇಳುವಾಗ ಅದಿಲ್ಲದೆ ಕೆಲಸವಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟಯರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ಗಮನಿಸಿ.

ಸೆಕೆಂಡ್ ಹ್ಯಾಂಡ್ ಟಯರಿನ ಬಗ್ಗೆ ಒಂದು ಮಾತು. ಬೋಳಾದ ಟಯರಿಗೆ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆದು, ಕಪ್ಪು ಪಾಲಿಶ್ ಹಚ್ಚಿ ಮಾರುತ್ತಾರೆ. ಕೊರೆದ ಗೀರಿನ ತಳಕ್ಕೂ ಒಳಗಿನ ಉಕ್ಕಿನ ತಂತಿಗೂ ನಡುವೆ ರಬ್ಬರೇ ಉಳಿದಿರುವುದಿಲ್ಲ. ಪತ್ತೆ ಹಚ್ಚುವುದು ಸುಲಭ: ಗೀರಿನ ತಳದ ಸವೆತದ ದಿಬ್ಬಗಳು ಮಾಯವಾಗಿರುತ್ತವೆ ಅಥವಾ ಕತ್ತರಿಸಿರುತ್ತವೆ, ಗೀರಿನ ಅಂಚು ಒಂದೇ ಸಮ ಇರದೆ ಕೈಬರಹದಂತೆ ಅಂಕುಡೊಂಕಾಗಿರುತ್ತದೆ. ದುಡ್ಡಿನ ಕಷ್ಟ ಎಲ್ಲರಿಗೂ ಗೊತ್ತು. ಆದರೂ ಇಂಥದ್ದನ್ನು ಹಾಕಿಸುವುದಕ್ಕಿಂತ ಕಡಿಮೆ ಬೆಲೆಯ ಹೊಸ ಟಯರ್ ಎರಡು ಕೊಳ್ಳಿ, ಇನ್ನೆರಡು ಮುಂದಿನ ವರ್ಷ.

ಎರಡೇ ಕೊಂಡರೆ ಹಿಂದಕ್ಕೆ ಹಾಕಿಸಿ

ಇದು ಬಹಳ ಜನ ತಲೆಕೆಳಗಾಗಿ ಮಾಡುವ ಕೆಲಸ. ಎಂಜಿನ್ ಮುಂದಿದೆ, ಸ್ಟೀರಿಂಗ್ ಮುಂದಿದೆ, ಮುಂದಿನ ಟಯರೇ ಬೇಗ ಸವೆಯುವುದು, ಆದ್ದರಿಂದ ಹೊಸದು ಮುಂದಕ್ಕೆ ಎಂದು ಹಾಕಿಬಿಡುತ್ತಾರೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ; ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ವೇಗ ಇಳಿದು ಮತ್ತೆ ಹಿಡಿತ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಗಾಡಿಯ ಬಾಲ ಪಕ್ಕಕ್ಕೆ ಬೀಸುತ್ತದೆ, ಕಾಲು ತೆಗೆದಷ್ಟೂ ತೂಕ ಮುಂದಕ್ಕೆ ಬಂದು ಇನ್ನಷ್ಟು ಬೀಸುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನುರಿತ ಡ್ರೈವರಿಗೂ ಕಷ್ಟ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯಂಥ, ತಡೆಗೋಡೆಯಿಲ್ಲದ ಕಿರಿದಾದ ರಸ್ತೆಯಲ್ಲಿ ಗಾಡಿ ಅಡ್ಡ ತಿರುಗಲು ಜಾಗವೇ ಇರುವುದಿಲ್ಲ. ಆದ್ದರಿಂದ ಮುಂದಿನ ಎಂಜಿನ್ ಗಾಡಿಯಾದರೂ ಆಳ ಹೆಚ್ಚಿರುವ ಟಯರುಗಳು ಹಿಂದೆ. ಅಂಗಡಿಯಲ್ಲಿ ಬೇರೆ ಹೇಳಿದರೂ ಪಟ್ಟು ಹಿಡಿಯಿರಿ. ಒಂದೇ ಟಯರ್ ಮಾತ್ರ ಬದಲಿಸುವುದನ್ನು ಆದಷ್ಟು ತಪ್ಪಿಸಿ. ಒಂದೇ ಆಕ್ಸಲ್‌ನ ಎರಡು ಕಡೆ ಬೇರೆ ಬೇರೆ ಮಾದರಿಯಂತೂ ಬೇಡ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹಾಕಿಸುವಾಗ ನಿಂತು ನೋಡಿ. ಗೋಡೆಯ ಮೇಲೆ ಬಾಣದ ಗುರುತಿದ್ದರೆ ಗಾಡಿ ಮುಂದೆ ಹೋಗುವಾಗ ಚಕ್ರ ಬಾಣದ ದಿಕ್ಕಿಗೇ ತಿರುಗಬೇಕು. ಉಲ್ಟಾ ಹಾಕಿದರೆ ಗೀರುಗಳು ನೀರನ್ನು ಹೊರಗೆ ತಳ್ಳುವ ಬದಲು ಒಳಕ್ಕೆ ಎಳೆದುಕೊಳ್ಳುತ್ತವೆ. ಔಟ್‌ಸೈಡ್ ಎಂದು ಬರೆದ ಪಕ್ಕ ಹೊರಗೇ ಕಾಣಬೇಕು. ಟಯರಿನೊಂದಿಗೆ ರಬ್ಬರ್ ವಾಲ್ವನ್ನೂ ಹೊಸದು ಹಾಕಿಸಿ, ಅಗ್ಗದ ಸಾಮಾನು. ಹಳೆಯದು ಬಿರುಕು ಬಿಟ್ಟು ಗಾಳಿ ಸೋರಿದರೆ ಟಯರೇ ಹಾಳು. ರಿಮ್ಮಿನ ಅಂಚಿಗೆ ತುಕ್ಕು ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿಸಿ, ಇಲ್ಲದಿದ್ದರೆ ಟ್ಯೂಬ್‌ಲೆಸ್ ಟಯರ್ ಅಲ್ಲೇ ಸೋರುತ್ತದೆ. ಆಮೇಲೆ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು), ಕೊನೆಗೆ ಅಲೈನ್‌ಮೆಂಟ್. ನಟ್ಟುಗಳನ್ನು ಏರ್ ಗನ್ನಿನಲ್ಲಿ ಮನಬಂದಂತೆ ಬಿಗಿದರೆ ಬ್ರೇಕ್ ಡಿಸ್ಕು ಸೊಟ್ಟಗಾಗುತ್ತದೆ, ರಸ್ತೆ ಮಧ್ಯೆ ಪಂಚರ್ ಆದಾಗ ನಿಮ್ಮ ಸ್ಪ್ಯಾನರಿಗೆ ಬಿಚ್ಚುವುದೂ ಇಲ್ಲ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿದೆ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬಳಸಲು ಹೇಳಿ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.

ಹೊಸ ಟಯರ್ ಮೊದಲ 200–300 ಕಿ.ಮೀ. ನುಣುಪಾಗಿರುತ್ತದೆ, ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯ ಪದರ ಇನ್ನೂ ಇರುತ್ತದೆ. ಮಳೆ ಶುರುವಾಗುವ ಮುಂಚೆಯೇ ಹಾಕಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಗಾಳಿ

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಬಹಳ ಕಡೆ ಓಡಾಡುತ್ತಿದೆ. ತಪ್ಪು, ಅಪಾಯಕಾರಿ ತಪ್ಪು. 1960ರ ದಶಕದಲ್ಲಿ ನಾಸಾ ವಿಮಾನದ ಟಯರುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದ ಒಂದು ಸರಳ ಸೂತ್ರವಿದೆ: ಗೀರಿಗಿಂತ ಆಳದ ನೀರಿನಲ್ಲಿ ಟಯರ್ ತೇಲಲು ಶುರುವಾಗುವ ವೇಗ ಅದರ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಪಿಎಸ್‌ಐ (ಬಂಕಿನಲ್ಲಿ ಗಾಳಿಯ ಒತ್ತಡ ಅಳೆಯುವ ಮಾನ) ಅಂಕಿಯ ವರ್ಗಮೂಲವನ್ನು 16.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬ ವೇಗ ಸಿಗುತ್ತದೆ. 33 ಪಿಎಸ್‌ಐ ಇದ್ದರೆ ಸುಮಾರು 95, 25ಕ್ಕೆ ಇಳಿಸಿದರೆ 83. ಕಾರಿನ ಟಯರಿಗೆ ಇದು ಅಂದಾಜು ಲೆಕ್ಕವೇ, ಆದರೆ ದಿಕ್ಕು ಸ್ಪಷ್ಟ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100ರ ಮಿತಿ ಇದೆಯೆಂದು ಮಳೆಯಲ್ಲೂ 100ರಲ್ಲಿ ಹೋಗುವವರು ಈ ಎರಡು ಅಂಕಿಗಳನ್ನು ನೆನಪಿಡಲಿ. ಮಳೆ ಜೋರಾದರೆ 60–70ಕ್ಕೆ ಇಳಿಯಿರಿ, ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಆಫ್ ಮಾಡಿ.

ಗಾಳಿ ಕಡಿಮೆಯಾದರೆ ಬೇಸಿಗೆಯಲ್ಲೂ ಕಂಟಕ. ಟಯರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ, ಒಳಗೇ ಬಿಸಿ ಹುಟ್ಟುತ್ತದೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿದಾಗ ಆ ಬಿಸಿಗೆ ಪದರಗಳು ಬಿಟ್ಟುಕೊಂಡು ಟಯರ್ ಸಿಡಿಯುತ್ತದೆ. ಬಿಸಿಲಿಗೆ ಗಾಳಿ ಹಿಗ್ಗಿ ಸಿಡಿಯುತ್ತದೆಂದು ಕಡಿಮೆ ಗಾಳಿಯಲ್ಲಿ ಹೊರಡುವವರು ಆ ಅಪಾಯವನ್ನು ತಾವೇ ಕರೆಸಿಕೊಳ್ಳುತ್ತಾರೆ.

ಗಾಳಿಯನ್ನು ತಣ್ಣಗಿರುವ ಟಯರಿನಲ್ಲಿ ನೋಡಬೇಕು: ಗಾಡಿ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಎರಡು ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಮನೆ ಹತ್ತಿರದ ಬಂಕಿನಲ್ಲಿ ಬೆಳಗ್ಗೆ ಹೊತ್ತು, ಹದಿನೈದು ದಿನಕ್ಕೊಮ್ಮೆ. "ಎಲ್ಲಕ್ಕೂ 35 ಹೊಡೀರಿ" ಎನ್ನುವ ಬದಲು ಬಾಗಿಲ ಚೀಟಿಯ ಅಂಕಿ ಹೇಳಿ. ಪೂರ್ತಿ ಲೋಡಿಗೆ ಅದರಲ್ಲಿ ಬೇರೆ ಅಂಕಿ ಇರುತ್ತದೆ. ನೈಟ್ರೋಜನ್‌ಗೆ ದುಡ್ಡು ಕೊಡಬೇಕಾಗಿಲ್ಲ, ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ನಮ್ಮ ಚಳಿಗಾಲಕ್ಕೆ ಏನು ಬೇಕು

ಹಿಮವಿಲ್ಲದಿದ್ದರೂ ಚಳಿಗಾಲ ಟಯರಿಗೆ ತನ್ನದೇ ತೊಂದರೆ ಕೊಡುತ್ತದೆ. 32 ಡಿಗ್ರಿಯ ಮಧ್ಯಾಹ್ನ 33 ಪಿಎಸ್‌ಐ ತುಂಬಿದ ಟಯರು 16 ಡಿಗ್ರಿಯ ಡಿಸೆಂಬರ್ ಬೆಳಗ್ಗೆ ಮೂವತ್ತೂವರೆ ತೋರಿಸುತ್ತದೆ. ಎಲ್ಲೂ ಸೋರಿಲ್ಲ, ಗಾಳಿ ಕುಗ್ಗಿದೆ ಅಷ್ಟೆ, ಆದರೂ ತುಂಬಿಸಲೇಬೇಕು.

ಅದೇ ತಿಂಗಳುಗಳಲ್ಲಿ ಮಂಡ್ಯ, ನಾಗಮಂಗಲ, ಪಿರಿಯಾಪಟ್ಟಣ, ಹುಣಸೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಕಣ ಇಲ್ಲದ ರೈತನ ಕಷ್ಟ ಅರ್ಥವಾಗುತ್ತದೆ, ಆದರೆ ಟಯರಿಗೆ ಅದು ಮಂಜುಗಡ್ಡೆಯಷ್ಟೇ ಜಾರು: ಕೆಳಗೆ ಗುಂಡಗಿನ ಕಾಳು, ಮೇಲೆ ನುಣುಪು ಹುಲ್ಲು. ಯಾವ ಟಯರೂ ಇಲ್ಲಿ ಹಿಡಿಯುವುದಿಲ್ಲ. ಮುಂಚೆಯೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಹಿಡಿಯದೆ, ಸ್ಟೀರಿಂಗ್ ಎಳೆಯದೆ ನಿಧಾನ ದಾಟಿ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡರೆ, ಒಣಹುಲ್ಲು ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ದಾಟಿದ ಕೂಡಲೇ ನಿಲ್ಲಿಸಿ ಬಗ್ಗಿ ನೋಡಿ, ಆದರೆ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆ ದಾರಿಯಲ್ಲಿ ಬಿದ್ದ ಸೋಗೆ ಮೇಲೆ ಇಬ್ಬನಿ ಕೂತಿದ್ದರೂ, ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರಿನ ಚಕ್ರ ಉದುರಿಸಿದ ಕೆಸರಿದ್ದರೂ ಇದೇ ಎಚ್ಚರ.

ಊಟಿಯ ಜನವರಿ ಇಬ್ಬನಿ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಆದರೂ ಅಲ್ಲಿಗೆ ವಿಂಟರ್ ಟಯರ್ ಬೇಕಿಲ್ಲ, 3 ಮಿ.ಮೀ.ಗಿಂತ ಹೆಚ್ಚು ಆಳವಿರುವ ಮಾಮೂಲಿ ಟಯರ್, ಘಾಟಿ ಇಳಿಯುವಾಗ ಎರಡನೇ ಗೇರ್ ಸಾಕು. ಮನಾಲಿ, ಲಡಾಖ್ ಕಡೆ ಚಳಿಗಾಲದಲ್ಲಿ ಸ್ವಂತ ಕಾರು ಒಯ್ಯುವವರಿಗೆ ಮಾತ್ರ ಮಾತು ಬೇರೆ. ಎಸ್‌ಯುವಿ ಟಯರುಗಳ ಮೇಲೆ ಕಾಣುವ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ಕಂಪನಿ ತಾನೇ ಬರೆದುಕೊಳ್ಳುವಂಥದ್ದು. ಹಿಮದಲ್ಲಿ ಪರೀಕ್ಷೆ ಮಾಡಿದ ಟಯರಿಗೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮಹರಳಿನ ಚಿತ್ರ ಇರುತ್ತದೆ. ನಾಲ್ಕೇ ದಿನದ ಪ್ರವಾಸಕ್ಕೆ ಅದನ್ನು ಕೊಳ್ಳುವುದಕ್ಕಿಂತ ನಿಮ್ಮ ಅಳತೆಯ ಸ್ನೋ ಚೈನ್ ಒಂದು ಜೊತೆ ಸಾಕು. ಎಂಜಿನ್ ತಿರುಗಿಸುವ ಚಕ್ರಗಳಿಗೆ ಅದನ್ನು ಹಾಕಬೇಕು, ಸಾಮಾನ್ಯ ಕಾರುಗಳಲ್ಲಿ ಮುಂದಿನವಕ್ಕೆ. ವೇಗ 40 ದಾಟಬಾರದು, ಹಿಮ ಮುಗಿದ ಕೂಡಲೇ ಬಿಚ್ಚಬೇಕು.

ಇನ್ನು ಸ್ಟೆಪ್ನಿ. ನಾಲ್ಕು ಹೊಸದು ಹಾಕಿಸಿ ಐದನೆಯದನ್ನು ಮರೆಯುತ್ತಾರೆ. ಡಿಕ್ಕಿಯಲ್ಲಿ ಓಡದೆ ಕೂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ; ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿರುಕು ನೋಡಿಸಿ, ಹತ್ತು ವರ್ಷವಾದರೆ ಹೊಸದರಂತೆ ಕಂಡರೂ ತೆಗೆದುಬಿಡಿ. ಗಾಳಿ ಎರಡು ಮೂರು ಪಿಎಸ್‌ಐ ಹೆಚ್ಚೇ ತುಂಬಿಡಿ, ಬೇಕಾದಾಗ ಇಳಿಸಿಕೊಳ್ಳಬಹುದು. ತೆಗೆದ ಹಳೆ ಟಯರುಗಳನ್ನು ಅಂಗಡಿಯಲ್ಲೇ ಬಿಡುವುದಾದರೆ ಗೋಡೆಗೆ ಚಾಕುವಿನಿಂದ ಉದ್ದಕ್ಕೆ ಸೀಳಿಸಿ, ಗೀರು ಕೊರೆದು ಇನ್ನೊಬ್ಬರ ಗಾಡಿಗೆ ಹೋಗುವುದು ತಪ್ಪುತ್ತದೆ. ಮನೆಗೆ ತಂದರೆ ಮಳೆನೀರು ನಿಲ್ಲದ ಹಾಗೆ ಸೂರಿನಡಿ ಇಡಿ, ಡೆಂಗಿ ಸೊಳ್ಳೆ ಮೊಟ್ಟೆಯಿಡಲು ಒಂದು ಹಳೆ ಟಯರಿನ ನೀರು ಸಾಕು.